ಗೌಟ್ ಬಂದವರ ತಟ್ಟೆಯನ್ನಷ್ಟೇ ಏಕೆ ಇಣುಕುತ್ತೀರಿ?

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಯೂರಿಕ್ ಆಮ್ಲದ ಬಗ್ಗೆ ಬಂದ ಲೇಖನದ ಮುಕ್ಕಾಲು ಪಾಲು ತಿನ್ನಬಾರದ ಪದಾರ್ಥಗಳ ಪಟ್ಟಿ. ಪಾಲಕ್ ಬೇಡ, ಹೂಕೋಸು ಬೇಡ, ಅಣಬೆ ಬೇಡ, ಬೇಳೆಕಾಳಂತೂ ಬೇಡವೇ ಬೇಡ. ನಾನು ಪ್ರಯೋಗಾಲಯ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು, ಮೇಲಾಗಿ ಗೌಟ್, ಅಂದರೆ ಯೂರಿಕ್ ಆಮ್ಲದ ಹರಳುಗಳಿಂದ ಕೀಲು ಊದಿ ನೋಯುವ ಕಾಯಿಲೆ, ಅಂಟಿಸಿಕೊಂಡ ರೋಗಿ. ಪಟ್ಟಿ ಓದಿ ರೇಗಿತು.

ಊದಿದ ಕೀಲಿನಿಂದ ತೆಗೆದ ಹನಿ ದ್ರವವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಚೂಪು ತುದಿಯ ಸೂಜಿಗಳಂಥ ಯೂರೇಟ್ (ಯೂರಿಕ್ ಆಮ್ಲದ ಲವಣ) ಹರಳುಗಳು ಕಾಣುತ್ತವೆ. ಒಂದು ದಿಕ್ಕಿಗೆ ಮಲಗಿದ್ದರೆ ಹಳದಿ, ಅದಕ್ಕೆ ಅಡ್ಡಲಾಗಿ ಬಿದ್ದಿದ್ದರೆ ನೀಲಿ. ಕೆಲವು ಬಿಳಿ ರಕ್ತಕಣಗಳ ಒಳಗೇ ನಾಟಿಕೊಂಡಿರುತ್ತವೆ. ಹೊದಿಕೆ ಸೋಕಿದರೂ ಜೀವ ಹಿಂಡುವ ಕಾಲಿನ ಹೆಬ್ಬೆರಳ ನೋವಿನ ಮೂಲ ಇದೇ. ರಕ್ತದಲ್ಲಿ ಯೂರೇಟ್ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ಮೀರಿದರೆ ಹರಳುಗಟ್ಟಲು ಅವಕಾಶವಾಗುತ್ತದೆ; ಕಾಲಿನ ತುದಿಯ ತಂಪು ಅದಕ್ಕೆ ಇನ್ನಷ್ಟು ಅನುಕೂಲ.

ಮೀರುವುದೇಕೆ? ಯೂರಿಕ್ ಆಮ್ಲದ ಹೆಚ್ಚಿನ ಪಾಲು ಹುಟ್ಟುವುದು ಊಟದಿಂದಲ್ಲ, ನಮ್ಮದೇ ಜೀವಕೋಶಗಳ ಪ್ಯೂರಿನ್ ಎಂಬ ರಾಸಾಯನಿಕದಿಂದ. ಯೂರಿಕ್ ಆಮ್ಲವನ್ನು ಒಡೆಯುವ ಯೂರಿಕೇಸ್ ಕಿಣ್ವ ಬಹುತೇಕ ಸಸ್ತನಿಗಳಿಗಿದೆ, ಮನುಷ್ಯರಿಗಿಲ್ಲ. ಬಹುಪಾಲು ರೋಗಿಗಳಲ್ಲಿ ಉತ್ಪಾದನೆ ಹೆಚ್ಚಿರುವುದಿಲ್ಲ. ಮೂತ್ರಪಿಂಡಗಳು ಹೊರಹಾಕುವುದು ಸಾಲದಾಗಿರುತ್ತದೆ. ಇದರಲ್ಲಿ ವಂಶವಾಹಿಗಳ ಕೈವಾಡ ದೊಡ್ಡದು. ಬೊಜ್ಜು, ಮೂತ್ರಪಿಂಡದ ಕಾಯಿಲೆಯೂ ಸೇರಿಕೊಳ್ಳುತ್ತವೆ. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲೆ ಮಟ್ಟ ಏರುತ್ತದೆ.

ಲೇಖನ ಮುಟ್ಟದೇ ಬಿಟ್ಟದ್ದು ಮಾತ್ರೆಗಳ ಮಾತು. ರಕ್ತದೊತ್ತಡಕ್ಕೆಂದು ನಾನು ನುಂಗುತ್ತಿದ್ದುದು ಹೈಡ್ರೋಕ್ಲೋರೋಥಯಾಜೈಡ್. ಮೂತ್ರ ಹೆಚ್ಚಿಸುವ ಈ ಔಷಧ ಯೂರಿಕ್ ಆಮ್ಲವನ್ನು ಮಾತ್ರ ಒಳಗೇ ಉಳಿಸುತ್ತದೆ. ವೈದ್ಯರು ಅದನ್ನು ಲೊಸಾರ್ಟಾನ್‌ಗೆ ಬದಲಿಸಿದರು, ಇದು ಆ ಆಮ್ಲವನ್ನು ಒಂದಿಷ್ಟು ಹೊರಗೆ ಕಳಿಸುತ್ತದೆ. ಕಡಿಮೆ ಪ್ರಮಾಣದ ಆಸ್ಪಿರಿನ್, ಕ್ಷಯರೋಗಕ್ಕೆ ಕೊಡುವ ಪೈರಾಜಿನಮೈಡ್ ಕೂಡ ಮಟ್ಟ ಏರಿಸುತ್ತವೆ. ಹಾಗೆಂದು ಯಾರೂ ತಾವಾಗಿ ಮಾತ್ರೆ ಬಿಡಬಾರದು. ಚೀಟಿಯನ್ನು ವೈದ್ಯರ ಮುಂದಿಟ್ಟು ಕೇಳಬೇಕು.

ಆಹಾರದ ಪಾತ್ರವೇ ಇಲ್ಲವೆಂದಲ್ಲ. ಬಿಯರ್, ಯಕೃತ್ತಿನಂಥ ಅಂಗಮಾಂಸ, ಕೆಲವು ಮೀನುಗಳು ನಿಜಕ್ಕೂ ಅಪರಾಧಿಗಳೇ. ಫ್ರಕ್ಟೋಸ್ ಎಂಬ ಸಕ್ಕರೆ ತುಂಬಿದ ಸಿಹಿ ಪಾನೀಯಗಳೂ ಅಷ್ಟೇ, ಲೇಖನದಲ್ಲಿ ಅವುಗಳ ಸುದ್ದಿಯೇ ಇಲ್ಲ! ಪ್ಯೂರಿನ್ ಇರುವ ತರಕಾರಿಗಳಿಂದ ಗೌಟ್ ಹೆಚ್ಚುವುದು ಮಾತ್ರ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಪಾಪದ ಪಾಲಕ್ಕಿಗೆ ಏಕೆ ಶಿಕ್ಷೆ?

ಇನ್ನೊಂದು ವಿಷಯ. ನೋವು ಉಲ್ಬಣಿಸಿದಾಗ ತೆಗೆದ ರಕ್ತದಲ್ಲಿ ಯೂರಿಕ್ ಆಮ್ಲ ಸಹಜ ಮಟ್ಟದಲ್ಲೇ ಕಾಣಬಹುದು. ಆ ವರದಿ ಹಿಡಿದು ‘ಗೌಟ್ ಅಲ್ಲ’ ಎಂದು ನಿಟ್ಟುಸಿರು ಬಿಟ್ಟವರನ್ನು ಬಹಳ ಕಂಡಿದ್ದೇನೆ. ನೋವು ಇಳಿದು ಎರಡು ವಾರವಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕೆಂಬುದನ್ನು ಮುಂದಿನ ಸಂಚಿಕೆಯಲ್ಲಾದರೂ ದಯವಿಟ್ಟು ಪ್ರಕಟಿಸಿ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞ