ಗೋಜಿ ಕ್ಯಾಪ್ಸೂಲ್ ಇನ್ನಿಲ್ಲ, ಒಣಹಣ್ಣು ಸಿಗುತ್ತದೆ

ಆತ್ಮೀಯ ಗ್ರಾಹಕರೆ, ನಮಸ್ಕಾರ.

ಮುಂದಿನ ತಿಂಗಳಿನಿಂದ ನಮ್ಮ ಮಲ್ಲೇಶ್ವರದ ಮಳಿಗೆಯಲ್ಲಿ ಗೋಜಿ ಬೆರ್ರಿ ಎಂಬ ಚೀನಾದ ಹಣ್ಣಿನ ಸಾರದ ಕ್ಯಾಪ್ಸೂಲ್ ಇರುವುದಿಲ್ಲ. ಇಡೀ ಒಣಹಣ್ಣನ್ನು ಮಾತ್ರ 100 ಗ್ರಾಂ ಪೊಟ್ಟಣದಲ್ಲಿ ಮಾರುತ್ತೇವೆ. ಚೆನ್ನಾಗಿ ಹೋಗುತ್ತಿದ್ದ ಮಾಲನ್ನು ಯಾಕೆ ನಿಲ್ಲಿಸುತ್ತೀರಿ ಎಂದು ಕೌಂಟರಿನಲ್ಲಿ ಹಲವರು ಕೇಳಿದ್ದಾರೆ.

ಇದನ್ನು ಕೊಳ್ಳುವವರಲ್ಲಿ ದಿನವಿಡೀ ಕಂಪ್ಯೂಟರ್ ನೋಡುವವರೇ ಹೆಚ್ಚು. ಕಣ್ಣಿಗೆ ಒಳ್ಳೆಯದಂತೆ ಎಂದು ಕೇಳಿಕೊಂಡು ಬರುತ್ತಾರೆ. ಗೋಜಿಗೆ ಆ ಹೆಸರು ಬಂದಿರುವುದು ಹೆಚ್ಚಾಗಿ ಅದರ ಬಣ್ಣದಿಂದ, ಅಂದರೆ ಜಿಯಾಕ್ಸಾಂಥಿನ್‌ನಿಂದ. ನಮ್ಮ ಅಕ್ಷಿಪಟದ ನಡುಭಾಗದಲ್ಲೂ ಅದೇ ವರ್ಣದ್ರವ್ಯ ಇದೆ. ಆದರೆ ಅದು ಕೊಬ್ಬಿನಲ್ಲಿ ಕರಗುವ ಪದಾರ್ಥ, ನೀರಿನಲ್ಲಿ ಕರಗದು. ನಾವು ತರಿಸುತ್ತಿದ್ದ ಸಾರವೋ, ಹಣ್ಣನ್ನು ನೀರಿನಲ್ಲಿ ಕುದಿಸಿ ತೆಗೆದದ್ದು. ಅದರಲ್ಲಿ ಸಕ್ಕರೆಯ ಉದ್ದ ಸರಪಳಿಗಳಾದ ಪಾಲಿಸ್ಯಾಕರೈಡ್‌ಗಳು ಇಳಿದು ಬರುತ್ತವೆ, ಬಣ್ಣ ಬಹುಪಾಲು ಚರಟದಲ್ಲೇ ಉಳಿಯುತ್ತದೆ. ಕಣ್ಣಿಗೆಂದು ದುಡ್ಡು ಕೊಟ್ಟವರಿಗೆ ಅದನ್ನೇ ಮಾರುತ್ತಾ ಹೋಗುವುದು ನಮಗೆ ಸರಿಕಾಣಲಿಲ್ಲ.

ಇನ್ನು ಡಬ್ಬಿಯ ಮೇಲಿನ ‘10:1’. ಹತ್ತು ಕೆಜಿ ಹಣ್ಣಿಗೆ ಒಂದು ಕೆಜಿ ಪುಡಿ ಎಂದಷ್ಟೇ ಅದರ ಅರ್ಥ. ಯಾವ ಅಂಶ ಎಷ್ಟಿದೆ, ಪುಡಿ ಮಾಡುವಾಗ ಪಿಷ್ಟದಿಂದ ತಯಾರಿಸುವ ತುಂಬುಪುಡಿಯಾದ ಮಾಲ್ಟೊಡೆಕ್ಸ್‌ಟ್ರಿನ್ ಎಷ್ಟು ಬೆರೆಸಿದ್ದಾರೆ ಎಂಬುದು ಅದರಿಂದ ತಿಳಿಯುವುದಿಲ್ಲ. ಬ್ಯಾಚ್‌ವಾರು ಪರೀಕ್ಷಾ ವರದಿ ಕೇಳಿದೆವು, ಸರಬರಾಜುದಾರರು ಕೊಡಲಿಲ್ಲ.

ಒಣಹಣ್ಣಾದರೆ ಕಣ್ಣಿಗೆ ಕಾಣುತ್ತದೆ, ಬಾಯಿಗೆ ರುಚಿ ಸಿಗುತ್ತದೆ. ಚೀನಾದ ನಿಂಗ್‌ಶಿಯಾ ಪ್ರದೇಶದ ಬೆಳೆ ಇದು, ನಮ್ಮ ಟೊಮ್ಯಾಟೊ, ಬದನೆಯ ಕುಟುಂಬಕ್ಕೇ ಸೇರಿದ್ದು. ಕಡಲೆಕಾಯಿ ಬೀಜದ ಜೊತೆ ತಿನ್ನಿ, ಇಲ್ಲವೇ ಬಿಸಿ ಹಾಲಿನಲ್ಲಿ ನೆನೆಸಿ. ಸ್ವಲ್ಪ ಜಿಡ್ಡಿದ್ದರೆ ಬಣ್ಣದ ಅಂಶ ಮೈಗೆ ಹತ್ತುತ್ತದೆ. ಅಂಗಡಿಯವರು ಹೇಳಬಾರದ ಮಾತು, ಆದರೂ ಹೇಳುತ್ತೇವೆ: ಮುಸುಕಿನ ಜೋಳದಲ್ಲೂ ಮೊಟ್ಟೆಯ ಹಳದಿಯಲ್ಲೂ ಜಿಯಾಕ್ಸಾಂಥಿನ್ ಇದೆ.

ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಮನೆಯ ಹಿರಿಯರಿಗೂ ಓದಿ ಹೇಳಿ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಗೋಜಿ ಬೇಡ, ಹಣ್ಣೂ ಬೇಡ, ಸಾರವೂ ಬೇಡ. ಎರಡನ್ನೂ ಸೇವಿಸಿದವರಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಏರಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಕ್ಕರೆ ಕಾಯಿಲೆ ಅಥವಾ ಬಿಪಿಗೆ ಔಷಧಿ ನಡೆಯುತ್ತಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಕೌಂಟರಿನಲ್ಲಿರುವ ನಮ್ಮ ಹುಡುಗರನ್ನಲ್ಲ.

ಸೀಲ್ ಒಡೆಯದ ಡಬ್ಬಿಯನ್ನು ಬಿಲ್ಲಿನ ಜೊತೆ ಈ ತಿಂಗಳ ಕೊನೆಯೊಳಗೆ ತಂದರೆ ಪೂರ್ತಿ ಹಣ ವಾಪಸ್. ತಿಂಗಳ ಪಟ್ಟಿಯಲ್ಲಿ ಕ್ಯಾಪ್ಸೂಲ್ ಬರೆಸಿದ್ದವರ ಹೆಸರಿನಿಂದ ಅದನ್ನು ನಾವೇ ತೆಗೆಯುತ್ತೇವೆ. ಬದಲಿಗೆ ಒಣಹಣ್ಣು ಬೇಕಿದ್ದರೆ ವಾಟ್ಸಾಪ್‌ನಲ್ಲಿ ತಿಳಿಸಿ. ಮಳೆಗಾಲದಲ್ಲಿ ಹಣ್ಣು ಅಂಟಂಟಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.

ಇಂತಿ,
ಮಳಿಗೆಯ ಬಳಗ, ಮಲ್ಲೇಶ್ವರ, ಬೆಂಗಳೂರು