ಮಗಳಿಗೊಂದು ಪತ್ರ: ಆ ದಫೇದಾರರು ಯಾಕೆ ತಡ ಮಾಡಿದರು?

ಪುಟ್ಟೀ,

ನೀನು ಬೆಳಿಗ್ಗೆ ಕಡುಬು ಮುಟ್ಟದೆ ಶಿವಮೊಗ್ಗದ ಬಸ್ಸು ಹತ್ತಿಬಿಟ್ಟೆ. ರಾತ್ರಿ ನಾನು ಅಷ್ಟು ದನಿ ಏರಿಸಬಾರದಿತ್ತು. ತಪ್ಪು ನನ್ನದೇ. ಆದರೆ ರಿಪೋರ್ಟ್ ತಡವಾಯಿತು ಅಂತ ಸಬ್ ಇನ್‌ಸ್ಪೆಕ್ಟರ್ ಆದ ನೀನು ಫೋನಿನಲ್ಲಿ ನಿನ್ನ ಠಾಣೆಯ ದಫೇದಾರರಿಗೆ, ಅಂದರೆ ಹೆಡ್ ಕಾನ್‌ಸ್ಟೆಬಲ್‌ಗೆ, 'ನಿನಗೆ ತಲೆ ಇದೆಯಾ' ಅಂದಾಗ ತಡೆಯಲು ಆಗಲಿಲ್ಲ. ನನಗಿಂತ ನಾಲ್ಕೈದು ವರ್ಷ ಚಿಕ್ಕವರು ಅವರು, ಅಷ್ಟೇ.

ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ಪೊಲೀಸ್ ಕೆಲಸದಲ್ಲಿದ್ದಾಗ ಒಂದು ವರ್ಷ ಸಾಗರದ ಮಾರಿಕಾಂಬಾ ಜಾತ್ರೆ. ಮೂರು ವರ್ಷಕ್ಕೊಮ್ಮೆ ಬರೋದು, ಜನ ಎಷ್ಟು ಅಂತ ನಿನಗೇ ಗೊತ್ತಲ್ವಾ. ರಾತ್ರಿಯಿಡೀ ಬಂದೋಬಸ್ತಿಗೆ ನಿಂತು, ಸಿಕ್ಕಿದ ಲಾರಿ ಹತ್ತಿ ಠಾಣೆಗೆ ಬಂದೆ. ರೋಲ್‌ಕಾಲ್‌ಗೆ 20 ನಿಮಿಷ ತಡ. ಸಾಹೇಬರು ಯಾಕೆ ಅಂತ ಕೇಳಲಿಲ್ಲ. ಹೊಸ ಹುಡುಗರ ಎದುರೇ 'ದಂಡಕ್ಕೆ ಸಂಬಳ ತಗೊಳ್ತೀಯಾ' ಅಂದರು. ಮೆಮೊ ಕೊಟ್ಟರು.

ನಾನು ಗಸ್ತು ತಿರುಗುವ ಬೀಟಿನಲ್ಲಿ ಒಬ್ಬರು ಒಂಟಿ ಅಜ್ಜಿ ಇದ್ದರು. ರಸ್ತೆಯಿಂದ ತೋಟ ದಾಟಿ ಹೋಗಬೇಕು. ಮೊದಲೆಲ್ಲ ರಾತ್ರಿ ಅಂಗಳದವರೆಗೂ ಹೋಗಿ, ಒಮ್ಮೆ ಕೆಮ್ಮಿ, ಟಾರ್ಚ್ ಬೆಳಕು ಬಿಟ್ಟು ಬರುತ್ತಿದ್ದೆ. ಹೋಗು ಅಂತ ಯಾರೂ ಹೇಳಿರಲಿಲ್ಲ. ಮೆಮೊ ಸಿಕ್ಕಿದ ಮೇಲೆ ರಸ್ತೆಬದಿಯ ಬೀಟ್ ಪುಸ್ತಕಕ್ಕೆ ಸಹಿ ಹಾಕಿ ವಾಪಸ್ ಬರತೊಡಗಿದೆ. ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಹದಿನೈದು ದಿನ ಆಗಿರಬೇಕು, ಅಜ್ಜಿಯ ಎರಡು ಮೂಟೆ ಅಡಿಕೆ ಕಳುವಾಯಿತು. ಮಹಜರಿಗೆ ಹೋದಾಗ ಅಜ್ಜಿ 'ನೀವು ಊರಲ್ಲಿ ಇರ್ಲಿಲ್ವಾ ಮಾರಾಯ್ರೇ' ಅಂತ ಕೇಳಿದರು. ಇರಲಿಲ್ಲ ಅಂದೆ. ಸಾಹೇಬರು ಬೈದದ್ದು ನಿಜ, ಹೋಗದೇ ಇದ್ದವನು ನಾನು. ಈಗಲೂ ಅಡಿಕೆ ಒಣಗಿಸುವ ಕಾಲದಲ್ಲಿ ರಾತ್ರಿ ಎಚ್ಚರವಾಗುತ್ತದೆ. ಆ ಅಂಗಳ ಕಣ್ಣಿಗೆ ಬರುತ್ತದೆ.

2016ರ ಜೂನ್ 4ಕ್ಕೆ ಪೊಲೀಸರು ಸಾಮೂಹಿಕ ರಜೆ ಹಾಕ್ತಾರೆ ಅಂತ ರಾಜ್ಯವೇ ಮಾತಾಡಿತು. ಪೊಲೀಸರ ಸಂಬಳ ನೋಡಲು ಔರಾದ್ಕರ್ ಸಮಿತಿ ಬಂತು, ಆಮೇಲೆ ಸಂಬಳವೂ ಏರಿತು. ಅದು ಬೇಕೇ ಇತ್ತು. ಆದರೆ ನಾನು ಮತ್ತೆ ತೋಟ ದಾಟಿದ್ದು ಸಂಬಳದಿಂದಲ್ಲ. ಮುಂದೆ ಬಂದ ಸಬ್ ಇನ್‌ಸ್ಪೆಕ್ಟರ್ ಒಂದು ರಾತ್ರಿ ನನ್ನ ಜೊತೆ ಬೀಟಿಗೆ ನಡೆದು ಬಂದು, 'ಇಲ್ಲಿ ಯಾವ ಮನೆಗೆ ಭಯ ಜಾಸ್ತಿ' ಅಂತ ನನ್ನನ್ನೇ ಕೇಳಿದರು.

ಬೈಯಲೇಬೇಕಾದರೆ ಕೋಣೆಗೆ ಕರೆದು ಬೈ. ಠಾಣೆಯ ಬರಹದ ಕೆಲಸ ನೋಡುವ ರೈಟರ್ ಬರೆದ ಡ್ಯೂಟಿ ಪಟ್ಟಿಗೆ ಸುಮ್ನೆ ಸಹಿ ಹಾಕಬೇಡ, ಸಾಲಾಗಿ ಮೂರು ರಾತ್ರಿ ಯಾರಿಗೆ ಬಿದ್ದಿದೆ ನೋಡು. ವಾರದ ರಜೆ ಕೊಡ್ತೀನಿ ಅಂದ ಮೇಲೆ ಕೊಡು. ನಿನ್ನ ಮನೆಗೆಲಸಕ್ಕೆ ಯಾವ ಪೇದೆಯನ್ನೂ ಕರೆಯಬೇಡ. ಕರೆಯುವವಳಲ್ಲ ಅಂತ ಗೊತ್ತು, ಆದರೂ ಹೇಳಿದೆ.

34 ವರ್ಷಕ್ಕೆ ನನ್ನ ಹೆಗಲಿಗೆ ಬಂದದ್ದು ಒಂದು ನಕ್ಷತ್ರ. ನಿನ್ನ ಎರಡು ನಕ್ಷತ್ರದ ಯೂನಿಫಾರ್ಮ್ ನಿನ್ನೆ ನಾನೇ ಇಸ್ತ್ರಿ ಮಾಡಿದೆ. ಎರಡು ಸಲ ಮಾಡಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ದಫೇದಾರರು ರಿಪೋರ್ಟ್ ಯಾಕೆ ತಡ ಮಾಡಿದರು ಅಂತ ಕೇಳು. ಕೇಳಿ, ರಾತ್ರಿ ನನಗೊಂದು ಫೋನ್ ಮಾಡು. ಎಚ್ಚರ ಇರ್ತೀನಿ.

ನಿನ್ನ
ಅಪ್ಪಯ್ಯ