ಕಾಯ್ಮಕಾಮ್ (ಜಿಲ್ಲೆಯ ಆಡಳಿತ ಮುಖ್ಯಸ್ಥೆ) ಆಗಲು ಹೊರಟ ಮಗಳಿಗೆ

ಚಾಲ್ದಿರಾನ್, ವಾನ್ ಪ್ರಾಂತ್ಯ, ಟರ್ಕಿ

ಮಗಳೇ,

ನಿನ್ನ ಬಸ್ ಅಂಕಾರಾಕ್ಕೆ ಹೊರಟಾಗ ನಾನು ಮನೆಯಲ್ಲೇ ಕುಳಿತಿದ್ದೆ. ಹಿಂದಿನ ರಾತ್ರಿ "ಇನ್ನು ನೀನು ಸರ್ಕಾರದವಳು, ನಮ್ಮವಳಲ್ಲ" ಎಂದದ್ದು ತಪ್ಪು, ಕ್ಷಮಿಸು. ಆಯ್ಕೆಪಟ್ಟಿ ಬಂದ ದಿನ ಮನೆ ಮನೆಗೆ ಹೋಗಿ ಹೇಳಿಬಂದವನು ನಾನೇ. ನಿನ್ನೆದುರು ಮಾತ್ರ ಬಾಯಿ ಬರಲಿಲ್ಲ.

ನನ್ನನ್ನು ಕಾಡುವುದು ಒಂದು ಪುಸ್ತಕ. 1976ರ ನವೆಂಬರ್ 24ರ ಭೂಕಂಪ ನಿನಗೆ ಗೊತ್ತು. ಸತ್ತವರು ಸುಮಾರು 4,000. ಕಲ್ಲುಮಣ್ಣಿನ ಗೋಡೆ, ವರ್ಷವರ್ಷವೂ ಮಣ್ಣು ಹೇರಿ ಭಾರವಾದ ಮಾಳಿಗೆ. ಆ ಮಾಳಿಗೆಯೇ ನಮ್ಮವರನ್ನು ಕೊಂದಿತು. ಕೆಲವು ದಿನಗಳ ಮೇಲೆ ಗುಮಾಸ್ತನೊಬ್ಬ ಸತ್ತವರ ಲೆಕ್ಕಕ್ಕೆ ಬಂದ. ಅವನಿಗೆ ಕುರ್ದಿಷ್ ಬಾರದು, ಅಮ್ಮನಿಗೆ ಟರ್ಕಿಷ್ ಬಾರದು. ಶಾಲೆಗೆ ಹೋಗುತ್ತಿದ್ದ ಒಂಬತ್ತು ವರ್ಷದ ನಾನು ನಡುವೆ ನಿಂತೆ. ಎರಡು ತಿಂಗಳ ತಂಗಿಯ ಹೆಸರು ಹೇಳಿದೆ. "ನೋಂದಣಿ ಆಗಿದೆಯೇ?" ಎಂದ. ಆಗಿರಲಿಲ್ಲ. ಆಗ ನಮ್ಮ ಚಾಲ್ದಿರಾನ್ ಮುರಾದಿಯೆ ಜಿಲ್ಲೆಗೆ ಸೇರಿತ್ತು, ನೋಂದಣಿಗೆ ಅಲ್ಲಿಗೇ ಹೋಗಬೇಕಿತ್ತು. ಸಂತೆಗೆ ಹೋದಾಗ ಬರೆಸೋಣವೆಂದು ಅಪ್ಪ ಮುಂದೂಡಿದ್ದರು. ಗುಮಾಸ್ತ ಪುಸ್ತಕ ಮುಚ್ಚಿದ. "ಬರೆದುಕೊಂಡನೇ?" ಎಂದು ಅಮ್ಮ ಕೇಳಿದಳು. ಹೂಂ ಎಂದೆ.

ಅವಳು ಸಾಯುವವರೆಗೂ ಅದನ್ನೇ ನಂಬಿದ್ದಳು. ನಾನು ಇನ್ನೊಂದು ಸಲ ಕೇಳಬಹುದಿತ್ತು, ಅಳಬಹುದಿತ್ತು, ಆ ಪುಸ್ತಕವನ್ನು ಹಿಡಿದುಕೊಳ್ಳಬಹುದಿತ್ತು. ಮಗು ಇತ್ತು ಎನ್ನುವುದಕ್ಕೆ ಅಮ್ಮನ ಎದೆಹಾಲು ಬಿಟ್ಟರೆ ಬೇರೆ ಸಾಕ್ಷಿಯೇ ಇರಲಿಲ್ಲ.

1987ರಲ್ಲಿ ಚಾಲ್ದಿರಾನ್ ತಾನೇ ಜಿಲ್ಲೆಯಾಯಿತು. ಅಂಕಾರಾ ನೇಮಿಸಿದ ಕಾಯ್ಮಕಾಮರು ಬಂದರು, ಊರಿನ ದಾರಿ ಪರಿಚಯವಾಗುವಷ್ಟರಲ್ಲಿ ವರ್ಗವಾದರು. ನಾವು ಆರಿಸಿದ ಮುಹ್ತಾರ್, ಅಂದರೆ ಊರಿನ ಮುಖಂಡ, ಇಲ್ಲೇ ಉಳಿಯುತ್ತಾನೆ, ಬೈಗುಳವೆಲ್ಲ ಅವನಿಗೇ. 2012ರ ಕಾನೂನು 2014ರಲ್ಲಿ ಜಾರಿಯಾದಾಗ ಇಡೀ ವಾನ್ ಪ್ರಾಂತ್ಯ ಮಹಾನಗರವಾಯಿತು. ರಾತ್ರಿ ಹಳ್ಳಿಯಲ್ಲಿ ಮಲಗಿದವರು ಬೆಳಿಗ್ಗೆ ಮೊಹಲ್ಲಾದಲ್ಲಿ ಎದ್ದೆವು. ಆಗ ಮುಹ್ತಾರ್ ಆಗಿದ್ದ ನನ್ನ ಮೊಹರು ಉಳಿಯಿತು, ಹಳ್ಳಿಯ ಆಸ್ತಿ ಪುರಸಭೆಗೆ ಹೋಯಿತು. ಕುರಿ ಕಾಯುವವನಿಗೆ ಇದನ್ನು ಹೇಗೆ ವಿವರಿಸುವುದೆಂದು ಯಾರೂ ನನಗೆ ಹೇಳಿಕೊಡಲಿಲ್ಲ.

ಆದ್ದರಿಂದ ಸಹಿ ಹಾಕುವ ಮೊದಲು ಊರಿಗೆ ಹೋಗು. ಹಿಮ ಬಿದ್ದಿದೆ ಎಂದು ಕಚೇರಿಯಲ್ಲಿ ಕೂರಬೇಡ, ಮೈನಸ್ 46.4 ಡಿಗ್ರಿ ಕಂಡ ಊರಿನವಳು ನೀನು. ಮುಹ್ತಾರನಿಗೆ ಮೊದಲು ಕುರ್ಚಿ ಕೊಡು. ಜನರ ಭಾಷೆ ಬಾರದಿದ್ದರೆ ಕಲಿ, ಇಲ್ಲವೇ ದೊಡ್ಡವರೊಬ್ಬರನ್ನು ಕರೆದುಕೊ. ಮಗುವನ್ನು ಮಾತ್ರ ನಡುವೆ ನಿಲ್ಲಿಸಬೇಡ.

ಉಪದೇಶ ಸಾಕು ಎಂದು ನಿನ್ನ ಅಮ್ಮ ಗದರುತ್ತಿದ್ದಾಳೆ. ಉಣ್ಣೆಯ ಕಾಲುಚೀಲ ಇಲ್ಲೇ ಮರೆತು ಹೋಗಿದ್ದೀಯೆ, ನಾಳೆಯ ಬಸ್ಸಿಗೆ ಕಳಿಸುತ್ತೇನೆ. ತಲುಪಿದೊಡನೆ ಫೋನ್ ಮಾಡು. ಈ ಸಲ ನಾನೇ ಎತ್ತುತ್ತೇನೆ.

ನಿನ್ನ ಬಾಬಾ